ನಮ್ಮ ಮನೆಯವರು ರೊಟ್ಟಿ ಬಡಿತ ಎಣಿಸಿದ ವರ್ಷ

ನನ್ನ ಮೊಮ್ಮಗಳಿಗೆ ಈಗ ಮೂರು ತಿಂಗಳು. ಇದನ್ನು ಬರೆಯಲು ಕುಳಿತಾಗಿನಿಂದ ನಾಲ್ಕು ಸಲ ಎದ್ದು ತೊಟ್ಟಿಲು ನೋಡಿ ಬಂದಿದ್ದೇನೆ. ಮಲಗಿದ್ದಾಳೆ ಎಂದು ಗೊತ್ತು, ಆದರೂ ನೋಡಬೇಕು. ನಿದ್ದೆಯಲ್ಲೇ ಹಾಲು ಕುಡಿದಂತೆ ಬಾಯಿ ಆಡಿಸುತ್ತಾಳೆ, ಅದನ್ನು ಕಂಡರೆ ನನ್ನ ಹೊಟ್ಟೆಯೊಳಗೆ ಬೆಚ್ಚಗಾಗುತ್ತದೆ. ಮಗಳ ಮದುವೆಯಾಗಿ ಎಂಟು ವರ್ಷದ ಮೇಲೆ ಹುಟ್ಟಿದ ಕೂಸು. ನರೋಣಾದ ನಮ್ಮ ಓಣಿಯಲ್ಲಿ ಯಾರು ಸಿಕ್ಕರೂ, ಅವರು ಕೇಳಲಿ ಬಿಡಲಿ, ಕೂಸು ಇವತ್ತು ಏನೇನು ಮಾಡಿತು ಎಂದು ಹೇಳಿಯೇ ಮುಂದೆ ಹೋಗುತ್ತೇನೆ. ಈಗೀಗ ಜನ ನನ್ನನ್ನು ದೂರದಿಂದ ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಹಿಡಿಯಲಿ.

ಆದರೆ ಈ ಕೂಸು ನಮ್ಮ ಮನೆಗೆ ಬರದೇ ಹೋಗುವುದರಲ್ಲಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅದಕ್ಕಾಗಿ ನಾನು ಎಂಟು ವರ್ಷ ಕಾದಿದ್ದೆ. ಮಗಳ ಅತ್ತೆ, ಜೇವರ್ಗಿಯ ನನ್ನ ಬೀಗತಿ, “ಆ ಮನಿಗಿ ನನ್ನ ಸೊಸಿಗಿ ಕಳಸಂಗಿಲ್ಲ” ಎಂದು ಕುಳಿತುಬಿಟ್ಟಳು. ಅವಳ ತಪ್ಪೇನೂ ಇಲ್ಲ. ಹೋದ ವರ್ಷ ನಮ್ಮ ಮನೆಯವರ ತಲೆಯಲ್ಲಿ ಒಂದು ನಂಬಿಕೆ ಬಂದು ಕುಳಿತಿತ್ತು. ನಾನು ಜೋಳದ ರೊಟ್ಟಿ ಬಡಿಯುವ ಸದ್ದಿನಲ್ಲಿ ಪಕ್ಕದ ಹಿಟ್ಟಿನ ಗಿರಣಿಯವನನ್ನು ಕರೆಯುತ್ತೇನೆ ಎಂದು.

ನಗಬೇಡಿ. ಅಥವಾ ನಗಿರಿ, ಈಗ ನಾನೂ ನಗುತ್ತೇನೆ. ಆಗ ನಗು ಬರುತ್ತಿರಲಿಲ್ಲ.

ನಮ್ಮ ಮನೆಯವರು ದರ್ಜಿ. ಕೊರಳಲ್ಲಿ ಟೇಪು, ಕಿವಿಯ ಮೇಲೆ ಗುರುತು ಹಾಕುವ ಸೀಮೆಸುಣ್ಣದ ಚೂರು. ಯಾವ ಹೆಂಗಸಿಗೆ ಯಾವ ತೋಳು ಬಿಗಿ, ಯಾವ ಗಂಡಸಿಗೆ ಹಬ್ಬದ ನಂತರ ಎಷ್ಟು ಹೊಟ್ಟೆ ಬಂದಿದೆ, ಎಲ್ಲ ಅವರ ಬಾಯಲ್ಲೇ ಇರುತ್ತದೆ. ಆ ಕೆಟ್ಟ ವರ್ಷದಲ್ಲೂ ಅವರ ಕೈಯಿಂದ ಒಂದು ಗುಂಡಿ ಓರೆಯಾಗಲಿಲ್ಲ. ಬಂದವರೊಂದಿಗೆ ಮಾತು, ಹೊತ್ತಿಗೆ ಸ್ನಾನ, ಲಿಂಗಪೂಜೆ, ಎಲ್ಲ ಮೊದಲಿನಂತೆಯೇ. ಹೊರಗಿನವರಿಗೆ ಏನೂ ಗೊತ್ತಾಗುವಂತಿರಲಿಲ್ಲ. ಇಡೀ ಅಂಗಿ ಚೆನ್ನಾಗಿದ್ದು ಒಂದೇ ಒಂದು ಕಡೆ ಹೊಲಿಗೆ ಬಿಚ್ಚಿದಂತೆ, ಅವರ ತಲೆ ಆ ಒಂದೇ ಜಾಗದಲ್ಲಿ ಬಿಚ್ಚಿತ್ತು.

ಗಿರಣಿಯವನನ್ನು ಊರೆಲ್ಲ ಕಾಕಾ ಎನ್ನುತ್ತದೆ. ನಮ್ಮ ಅಡುಗೆಮನೆಗೂ ಅವನ ಗಿರಣಿಗೂ ನಡುವೆ ಒಂದೇ ಗೋಡೆ. ಕಾಕಾನಿಗೆ ಎಪ್ಪತ್ತು ದಾಟಿದೆ. ಹೆಂಡತಿ ತೀರಿಹೋಗಿದ್ದಾಳೆ. ಮುಂದಿನ ಹಲ್ಲು ಎರಡೇ ಉಳಿದಿವೆ, ಹುಬ್ಬಿನ ಮೇಲೆ ಸದಾ ಹಿಟ್ಟು. ಗಿರಣಿಯ ಸದ್ದಿಗೆ ಕಿವಿ ಹೋಗಿ ಎಷ್ಟೋ ಕಾಲವಾಯಿತು, ಜೋಳ ಬೀಸಲು ಹೇಳಿದರೆ ಗೋಧಿ ಬೀಸುತ್ತಾನೆ. ದಿನಾ ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಇವರ ಜೊತೆ ಚಹಾ ಕುಡಿಯುತ್ತಿದ್ದ. ಇವರೊಂದು ಮಾತಾಡುವುದು, ಅವನೊಂದು ಉತ್ತರ ಕೊಡುವುದು, ಇಬ್ಬರಿಗೂ ತೃಪ್ತಿ.

ಒಂದು ಬೆಳಿಗ್ಗೆ ನಾನು ಒಲೆಯ ಮುಂದೆ ಕುಳಿತಿದ್ದಾಗ ಇವರು ಬಾಗಿಲಲ್ಲಿ ಬಂದು ನಿಂತರು.

“ಈ ರೊಟ್ಟಿಗಿ ಮೂವತ್ತಾರ ಬಡಿದಿ. ಹಿಂದಿನದಕ್ಕ ನಲವತ್ತೊಂದ ಬಡಿದಿದ್ದಿ. ಯಾಕ ಬೇ?”

“ಹಿಟ್ಟ ಹೆಂಗಿರ್ತದ ಹಂಗ ಬಡೀತೇನ್ರಿ. ಅದಕ್ಕೇನ ಲೆಕ್ಕ?”

“ಲೆಕ್ಕ ಅದ. ಮೂವತ್ತಾರ ಬಡಿದಾಗೆಲ್ಲ ಆಂವ ಗಿರಣಿ ಬಂದ್ ಮಾಡ್ತಾನ.”

“ಕರೆಂಟ್ ಹೋದ್ರ ಬಂದ್ ಮಾಡ್ತಾನ್ರಿ!”

“ಕರೆಂಟ್ ಹೋಗೋದು ನಿನಗ ಮೊದ್ಲೇ ಗೊತ್ತಿರ್ತದ,” ಎಂದು ಹೇಳಿ ಅಡುಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು.

ನಾನು ಚೇಷ್ಟೆ ಎಂದುಕೊಂಡೆ. ಮರುದಿನ ಎರಡು ಗೆರೆ. ತಿಂಗಳು ಕಳೆಯುವಷ್ಟರಲ್ಲಿ ಬಾಗಿಲು ತುಂಬಿ ಗೆರೆಗಳು ಗೋಡೆಗೆ ಹತ್ತಿದವು. ಎರಡು ರೊಟ್ಟಿಯ ನಡುವೆ ಒಲೆ ಊದಿದರೆ ಅದು “ತಡಿ” ಎಂಬ ಸನ್ನೆ. ಹಂಚಿನ ಮೇಲೆ ನೀರು ಸವರಿದರೆ “ಈಗ ಬ್ಯಾಡ.” ಮೂವತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು ನಾನು. ಒಲೆಯ ಮುಂದೆ ಕುಳಿತರೆ ರೊಟ್ಟಿ ಹರಿಯುತ್ತಿತ್ತು. ಹರಿದ ರೊಟ್ಟಿಗೂ ಒಂದು ಅರ್ಥ ಇತ್ತು. ಎಷ್ಟೋ ದಿನ ಹೊಗೆಯ ನೆಪದಲ್ಲಿ ಅತ್ತಿದ್ದೇನೆ.

ಕೊನೆಗೆ ತಡೆಯಲಾರದೆ ಓಣಿಯವರೆಲ್ಲ ಬೀ ಎಂದು ಕರೆಯುವ ಎದುರು ಮನೆಯವಳ ಮುಂದೆ ಹೇಳಿದೆ. ಬೀ ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು, ನಮ್ಮ ಮನೆಯವರನ್ನು ಭಾವ ಎನ್ನುತ್ತಾಳೆ. ಕೇಳಿದವಳೇ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು, ಆಮೇಲೆ ನೆಟ್ಟಗೆ ಬಂದು ಇವರ ಮುಂದೆ ನಿಂತಳು.

“ಯಾ ಅಲ್ಲಾ, ಭಾವ! ಕರಿಯೋದೇ ಇದ್ರ ಅಕ್ಕಾ ಬಾಯಾಗ ಹಲ್ಲಿದ್ದಂವಗ ಕರೀತಿರಲಿಲ್ಲೇನು? ಮತ್ತ ಕಾಕಾಗ ಕಿವಿ ಎಲ್ಲಿ ಅದಾವ? ನಿನ್ನಿ ನಾ ಅವನ ಕಿವ್ಯಾಗ ಒದರಿ ಜೋಳ ಅಂದ್ರ ಬ್ಯಾಳಿ ಅಂದ.”

ನಮ್ಮ ಮನೆಯವರು ಟೇಪು ಸುತ್ತುತ್ತಾ ಶಾಂತವಾಗಿ ಹೇಳಿದರು. “ಕಿವಿ ಯಾಕ ಬೇಕು? ಗ್ವಾಡಿಗಿ ಕೈ ಹಚ್ಚಿ ನಿಂದರ್ತಾನ. ಬಡಿತ ಕೈಗಿ ತಿಳೀತದ.”

ಬೀ ಸೋಲೊಪ್ಪುವ ಹೆಂಗಸಲ್ಲ. ಮರುದಿನ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಿ, ಇವರಿಗೆ ತಿಳಿಯದಂತೆ ತಾನೇ ನನ್ನ ಒಲೆಯ ಮುಂದೆ ಕುಳಿತು ಹತ್ತು ರೊಟ್ಟಿ ಬಡಿದಳು. ಇವರು ಪಡಸಾಲೆಯಲ್ಲಿ ಎಣಿಸಿ ಎಣಿಸಿ ಗೆರೆ ಎಳೆದರು. ಆಮೇಲೆ ಬೀ ಹಿಟ್ಟಿನ ಕೈಯಲ್ಲೇ ಹೊರಬಂದಳು.

“ನೋಡ್ರಿ ಭಾವ, ಬಡಿದಾಕಿ ನಾನು! ಈಗೇನಂತೀರಿ?”

ಇವರು ಅವಳ ಕೈ ನೋಡಿದರು. ನಾನು ಹಿತ್ತಲ ಬಾಗಿಲಿಂದ ಇಣುಕಿದೆ.

“ಅಂದ್ರ ನಿನಗೂ ಕಲಿಸ್ಯಾಳ,” ಎಂದರು.

ಈ ಸುದ್ದಿ ಕಾಕಾನಿಗೆ ಮುಟ್ಟಿಸಲು ಬೀ ಮೂರು ಸಲ ಒದರಬೇಕಾಯಿತು, ಅಷ್ಟರಲ್ಲಿ ಅರ್ಧ ಊರಿಗೆ ಮುಟ್ಟಿತು. ಕಾಕಾ ಮೊದಲು “ನನ್ನ ಮ್ಯಾಲ? ಈ ವಯಸ್ಸಿನಾಗ?” ಎಂದು ಎರಡೂ ಹಲ್ಲು ಬಿಟ್ಟು ನಕ್ಕನಂತೆ. ಮರುದಿನ ಒಗೆದ ಧೋತರ ಉಟ್ಟು ಹುಬ್ಬಿನ ಹಿಟ್ಟು ಒರೆಸಿಕೊಂಡು ಗಿರಣಿಗೆ ಬಂದ. ಅದನ್ನು ಕಂಡು ಇವರು ಗೋಡೆಯ ಮೇಲೆ ಉದ್ದದೊಂದು ಗೆರೆ ಎಳೆದರು. ಆದರೆ ಮಧ್ಯಾಹ್ನ ಚಹಾ ಹೊತ್ತಿಗೆ ಕಾಕಾ ಕಟ್ಟೆಯವರೆಗೆ ಬಂದು, ಇವರು ಮುಖ ತಿರುಗಿಸಿದ್ದನ್ನು ನೋಡಿ, ಸುಮ್ಮನೆ ಹಿಂದಿರುಗಿದ. ಆವತ್ತಿನಿಂದ ಗಿರಣಿಯೊಳಗೆ ಒಬ್ಬನೇ ಕುಳಿತು ಚಹಾ ಕುಡಿದ. ನನಗೆ ಆ ನಗುವಿಗಿಂತ ಈ ಬೆನ್ನು ಹೆಚ್ಚು ನೆನಪಿದೆ.

ದೇವರ ಮುಂದೆ ಆಣೆ ಮಾಡಿದರೆ ನಂಬುತ್ತಾರೆ ಎಂದು ಇವರನ್ನು ಕರೆದುಕೊಂಡು ಗಾಣಗಾಪುರಕ್ಕೆ ಹೋದೆ. ಭೀಮಾ ನದಿಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಗುಡಿಗೆ ಹೋಗಿ, ಆ ಗಿರಣಿಯವನಿಗೂ ನನಗೂ ಏನೂ ಸಂಬಂಧ ಇಲ್ಲ ಎಂದು ಆಣೆ ಮಾಡಿದೆ. ಇವರ ಕಣ್ಣು ತುಂಬಿತು. ಬರುವಾಗ ಬಸ್ಸಿನಲ್ಲಿ ನನಗೆ ಕಿಟಕಿ ಬದಿ ಬಿಟ್ಟುಕೊಟ್ಟರು, ಶೇಂಗಾ ಕೊಡಿಸಿದರು. ಮದುವೆಯಾದ ಹೊಸದರಲ್ಲೂ ಅಷ್ಟು ಮಾಡಿದವರಲ್ಲ. ನಾನು ಮನೆಗೆ ಬಂದವಳೇ ಹುರುಪಿನಿಂದ ರೊಟ್ಟಿಗೆ ಕುಳಿತೆ. ನಾಲ್ಕನೇ ರೊಟ್ಟಿಗೆ ಬಾಗಿಲಲ್ಲಿ ನೆರಳು ಬಿತ್ತು.

“ಗುಡ್ಯಾಗ ನೀ ಅವನ ಬಗ್ಗಿ ಆಣಿ ಮಾಡಿದಿ. ಬಡಿತದ ಬಗ್ಗಿ ಮಾಡಲಿಲ್ಲ.”

ಆಮೇಲೆ ನಾನು ಮಾಡಿದ್ದೇ ದೊಡ್ಡ ತಪ್ಪು. ಸದ್ದೇ ಇಲ್ಲದಿದ್ದರೆ ಸಂಶಯ ಎಲ್ಲಿಂದ ಬರುತ್ತದೆ ಎಂದು ರೊಟ್ಟಿ ಬಡಿಯುವುದನ್ನೇ ಬಿಟ್ಟೆ. ಜೋಳ ಉಣ್ಣದೆ ನಮ್ಮ ಕಡೆ ಯಾರಿಗೆ ಹೊಟ್ಟೆ ತುಂಬುತ್ತದೆ? ಎರಡು ದಿನ ಚಪಾತಿ ಲಟ್ಟಿಸಿದೆ. ಮೂರನೇ ದಿನ ಅನ್ನ. ನಾಲ್ಕನೇ ದಿನ ಜೋಳದ ಹಿಟ್ಟನ್ನೇ ತಟ್ಟೆಯಿಂದ ಒತ್ತಿ ಸದ್ದಿಲ್ಲದ ರೊಟ್ಟಿ ಮಾಡಿದೆ. ಅದು ಚಪ್ಪಲಿಯ ಅಟ್ಟೆಯಷ್ಟು ದಪ್ಪ ಆಯಿತು. ಇವರು ಪುಂಡಿ ಸೊಪ್ಪಿನ ಪಲ್ಲೆಯ ಜೊತೆ ಅದನ್ನು ಅಗಿದು ಅಗಿದು ದವಡೆ ಹಿಡಿದುಕೊಂಡು ಹೇಳಿದರು. “ಸಿಕ್ಕಿಬಿದ್ದೆ ಅಂತ ತಿಳದಮ್ಯಾಲ ಬಡಿಯೋದು ಬಿಟ್ಟಿ. ತಪ್ಪಿಲ್ಲಾಂದ್ರ ಯಾಕ ಬಿಡ್ತಿದ್ದಿ?”

ಬಡಿದರೂ ಸಾಕ್ಷಿ, ಬಿಟ್ಟರೂ ಸಾಕ್ಷಿ. ನಾನು ಎಷ್ಟು ವಾದಿಸುತ್ತೇನೋ ಅದು ಅಷ್ಟು ಗಟ್ಟಿಯಾಗುತ್ತದೆ ಎಂದು ತಿಳಿಯಲು ನನಗೆ ಇನ್ನೂ ಬಹಳ ದಿನ ಬೇಕಾದವು.

ಇಂಥ ಹೊತ್ತಿನಲ್ಲೇ ಜೇವರ್ಗಿಯಿಂದ ಫೋನು ಬಂತು. ಮಗಳು ಬಸುರಿ! ನಾನು ಫೋನು ಹಿಡಿದುಕೊಂಡೇ ಅಂಗಳದಲ್ಲಿ ಒಂದು ಸುತ್ತು ಕುಣಿದೆ. ಇವರು ಕುಣಿಯದಿದ್ದರೂ ಹೊಲಿಯುವ ಮಷೀನು ನಿಲ್ಲಿಸಿ ಕಣ್ಣೊರೆಸಿಕೊಂಡರು. ಐದನೇ ತಿಂಗಳಿಗೆ ಬೀಗರ ಮನೆಯಲ್ಲಿ ಕುಬಸ ಇಟ್ಟುಕೊಂಡರು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬಸ ಅಂದರೆ ರವಿಕೆ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯ. ಕುಬಸ ಇವರೇ ಹೊಲಿದರು. ಅಳತೆ ತೆಗೆದುಕೊಳ್ಳದೇ ಹೊಲಿದದ್ದು ಮಗಳಿಗೆ ಹೇಳಿ ಮಾಡಿಸಿದಂತೆ ಕೂತಿತು. ಬೀಗತಿ ನಾಲ್ಕು ಜನರ ಮುಂದೆ ಹೊಗಳಿದಳು. ನಾನು ಉಬ್ಬಿ ಹೋದೆ.

ಆದರೆ ಊಟಕ್ಕೆ ಮುನ್ನೂರು ರೊಟ್ಟಿ ಬೇಕಲ್ಲ? ಹಿತ್ತಲಲ್ಲಿ ಹತ್ತು ಹೆಂಗಸರು ಸಾಲಾಗಿ ಕುಳಿತು ಬಡಿಯತೊಡಗಿದರು. ಆ ಸದ್ದು ಕೇಳಿದ ಕೂಡಲೇ ಇವರು ಎಲ್ಲಿದ್ದಾರೆಂದು ನೋಡಿದೆ. ಪಡಸಾಲೆಯಲ್ಲಿ ಇವರ ಜಾಗ ಖಾಲಿ. ಓಡಿ ಹೋಗಿ ನೋಡಿದರೆ ಇವರು ಹಿತ್ತಲ ನಡುವೆ ನಿಂತು, ಎರಡೂ ಕೈಯ ಬೆರಳು ಮಡಚಿ, ಹತ್ತು ಜನರದ್ದನ್ನೂ ಒಂದೇ ಸಲಕ್ಕೆ ಎಣಿಸಲು ಒದ್ದಾಡುತ್ತಿದ್ದರು. ಲೆಕ್ಕ ತಪ್ಪಿ ತಪ್ಪಿ ಸಿಟ್ಟು ಬಂದು ಒದರಿದರು.

“ನೀವ್ ಹತ್ತೂ ಮಂದಿ ಆ ಒಬ್ಬ ಮುದುಕಗ ಕರಿಯಾಕತ್ತೀರೇನು?”

ಬಡಿತ ನಿಂತಿತು. ಒಬ್ಬಳು ಎಳೆಯ ಹೆಂಗಸು ಕಿಸಕ್ಕನೆ ನಕ್ಕಳು. ಬೀಗತಿ ಬಂದು, “ಯಾವ ಮುದುಕ್ರಿ ಬೀಗರೇ?” ಎಂದಳು. ಇವರು ಎಲ್ಲವನ್ನೂ ಹೇಳಿದರು, ಮೂವತ್ತಾರರಿಂದ ಹಿಡಿದು. “ಆ ಮುದುಕ ನರೋಣಾದಾಗ ಅದಾನ, ಇದು ಜೇವರ್ಗಿ. ಹೆಂಗ ಕೇಳಸ್ತದ್ರಿ?” ಎಂದು ಬೀಗತಿ ಕೇಳಿದರೆ, “ಈಗ ಫೋನ್ ಅದಾವಲ್ಲ,” ಎಂದರು.

ಹೊರಡುವಾಗ ಬೀಗತಿ ನನ್ನನ್ನು ಒಳಗೆ ಕರೆದಳು. ಒರಟು ಮಾತಾಡಲಿಲ್ಲ, ಅದೇ ಹೆಚ್ಚು ನೋಯಿಸಿತು. “ಬೀಗ್ತಿ, ಸಿಟ್ಟಾಗಬ್ಯಾಡ್ರಿ. ಎಂಟ ವರ್ಷಕ್ಕ ನಿಂತ ಬಸರದು. ದಿನಾ ಮುಂಜಾನೆದ್ದು ಅಪ್ಪ ಅವ್ವಗ ಹಿಂಗಂದ್ರ ಆ ಹುಡಿಗಿ ಮನಸ್ಸಿಗಿ ಏನಾಗಬೇಕು? ಅವರಿಗಿ ನೆಟ್ಟಗಾಗೋತನ ನಾ ಕಳಸಂಗಿಲ್ಲ.” ಮಗಳು ಹಸಿರು ಬಳೆ ಹಿಡಿದುಕೊಂಡು ಬಾಗಿಲ ಸಂದಿಯಲ್ಲಿ ನಿಂತು ಅಳುತ್ತಿದ್ದಳು.

ಊರಿಗೆ ಬಂದು ಬೀ ಮುಂದೆ ಇದನ್ನು ಹೇಳಿದಾಗ ಅವಳು ಮೊದಲ ಸಲ ನಗಲಿಲ್ಲ. ದನಿ ತಗ್ಗಿಸಿ ಹೇಳಿದಳು. “ಅಕ್ಕಾ, ಅಫಜಲಪುರದಾಗ ನನ್ನ ತಮ್ಮಗ ಹಿಂಗೇ ಆಗಿತ್ತು. ತನ್ನ ಬಾವ್ಯಾಗ ಯಾರೋ ಔಷಧಿ ಕಲಸ್ತಾರ ಅಂತ ಮೂರು ವರ್ಷ ಪಕ್ಕದ ಹಳ್ಳಿಯಿಂದ ನೀರು ಹೊತ್ತ. ಡಾಕ್ಟರಿಗಿ ತೋರಿಸಿದ್ವಿ. ಈಗ ಅರಾಮ ಅದಾನ.”

“ಮೊದ್ಲೇ ಯಾಕ ಹೇಳಲಿಲ್ಲ ಬೇ?”

“ನೀ ಯಾಕ ಇಷ್ಟ ದಿನಾ ಬೀಗರಿಗಿ ಹೇಳಲಿಲ್ಲ? ಹಂಗೇ.”

ಆಳಂದದ ದವಾಖಾನೆಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆ ಎಂದು ಅವಳೇ ತಿಳಿದುಕೊಂಡು ಬಂದಳು. ಇವರನ್ನು ಕರೆದೊಯ್ಯುವುದು ಹೇಗೆ? ನಿಮಗೆ ಜಡ್ಡು ಅಂದರೆ ಬರುವವರಲ್ಲ. ಆದರೆ ನಸುಕಿನಿಂದಲೇ ಕಿವಿ ಕೊಟ್ಟು ಕೊಟ್ಟು ಇವರಿಗೆ ನಿದ್ದೆ ಹೋಗಿತ್ತು, ತಲೆ ಸಿಡಿಯುತ್ತಿತ್ತು. ನಿದ್ದೆಗೆ ಔಷಧ ತರೋಣ ಅಂದೆ. “ಬರ್ತೇನಿ. ಆದ್ರ ನಿನ್ನ ಬಡಿತದ ಮಾತೂ ಅವರ ಮುಂದ ಹೇಳಾಂವ,” ಎಂದರು. “ಹೇಳ್ರಿ,” ಅಂದೆ. ನನಗೂ ಅದೇ ಬೇಕಿತ್ತು.

ಡಾಕ್ಟರು ನಮ್ಮ ಮಗಳಿಗಿಂತ ಚಿಕ್ಕ ಹುಡುಗಿ. ಇವರು ಮೂವತ್ತಾರು, ನಲವತ್ತೊಂದು, ಒಲೆ ಊದುವುದು, ಗೋಡೆಗೆ ಕೈ ಹಚ್ಚುವುದು ಎಲ್ಲ ಹೇಳಿದರು. ಆಕೆ ನಗಲಿಲ್ಲ, ನಡುವೆ ತಡೆಯಲಿಲ್ಲ. ಹೊರಗೆ ಬಂದವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಇತ್ತು. “ಇಷ್ಟ ಮಂದ್ಯಾಗ ನನ್ನ ಮಾತು ಪೂರಾ ಕೇಳಿದಾಕಿ ಇಕಿ ಒಬ್ಬಾಕಿನೇ. ಇಕಿ ಏನ್ ಕೊಟ್ರೂ ತಗೋತೇನಿ,” ಎಂದರು. ಗುಳಿಗೆ ಹಾಗೆ ಶುರುವಾಯಿತು.

ಆಮೇಲೆ ಆಕೆ ನನ್ನನ್ನು ಒಬ್ಬಳನ್ನೇ ಕರೆದು ಮೊದಲು ಕೇಳಿದ್ದು, ಅವರು ಕೈ ಎತ್ತಿದ್ದಾರೆಯೇ ಎಂದು. ಇಲ್ಲ ಅಂದೆ. ಎಂದಾದರೂ ಹೆದರಿಕೆಯಾದರೆ ವಾದಕ್ಕೆ ನಿಲ್ಲದೆ ಮನೆಯಿಂದ ಹೊರಗೆ ಬರಬೇಕು ಎಂದು ಹೇಳಿದಳು. ಆಮೇಲೆ ತಿಳಿಸಿ ಹೇಳಿದಳು. “ಅಮ್ಮಾ, ಅವರು ಹಟ ಮಾಡುತ್ತಿಲ್ಲ, ಸುಳ್ಳೂ ಹೇಳುತ್ತಿಲ್ಲ. ಇದು ಭ್ರಮೆಯ ಕಾಯಿಲೆ. ನಿಮಗೆ ಈ ಮೇಜು ಎಷ್ಟು ನಿಜವೋ ಅವರಿಗೆ ಅದು ಅಷ್ಟೇ ನಿಜ. ಹೌದು ಅಂತ ಒಪ್ಪಬೇಡಿ. ಅಲ್ಲ ಅಂತ ಜಗಳಕ್ಕೂ ಹೋಗಬೇಡಿ.”

“ಹೌದೂ ಅನ್ನಬಾರದು, ಅಲ್ಲಾನೂ ಅನ್ನಬಾರದು. ಮತ್ತ ಗಂಡನ ಮುಂದ ಏನ್ ಅನ್ಬೇಕ್ರಿ?”

“ಅವರಿಗೆ ಆಗುತ್ತಿರುವ ಸಂಕಟ ನಿಜ ಅಲ್ಲವೇ? ಅದನ್ನು ಹೇಳಿ.”

ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದೆ. ಮರುದಿನ ಇವರು ಬಾಗಿಲಿಗೆ ಬಂದು “ಮೂವತ್ತೆಂಟು” ಎಂದ ತಕ್ಷಣ, “ನಿಮಗ ಭಾಳ ತ್ರಾಸ ಆಗಾಕತ್ತದ, ಹೌದಿಲ್ರಿ?” ಎಂದೆ.

ಇವರು ಕಣ್ಣು ಕಿರಿದು ಮಾಡಿದರು. “ಈ ಮಾತು ನಿನಗ ಯಾರು ಕಲಿಸಿದ್ರು? ಆಂವೇನು?”

ಆದರೂ ಬಿಡಲಿಲ್ಲ. ನನಗಿಂತ ಎದುರು ಮನೆಯ ಬೀಗೆ ಕಷ್ಟವಾಯಿತು. ಇವರು ಏನಾದರೂ ಅಂದಾಗ ಉತ್ತರ ಕೊಡದೇ ಕೂತು ಕೂತು, “ಹೊಟ್ಟಿ ಉಬ್ಬಿ ಸಾಯ್ತೇನಿ ಅಕ್ಕಾ,” ಎಂದು ಹಿತ್ತಲಿಗೆ ಓಡಿ ಅಲ್ಲಿ ಬಾಳೆಗಿಡಕ್ಕೆ ಎಲ್ಲ ಉತ್ತರ ಕೊಟ್ಟು ಬರುತ್ತಿದ್ದಳು. ನಾನು ಮತ್ತೆ ರೊಟ್ಟಿ ಬಡಿಯತೊಡಗಿದೆ, ಕೈಗೆ ಬಂದಂತೆ. ಮೊದಲು ನಿದ್ದೆ ಬಂತು. ಆಮೇಲೆ ದಿನಕ್ಕೆ ಹತ್ತು ಇದ್ದ ಗೆರೆ ನಾಲ್ಕಾದವು. ನಡುವೆ ಅರಾಮಾಯಿತೆಂದು ಹತ್ತು ದಿನ ಗುಳಿಗೆ ಬಿಟ್ಟರು, ಗೆರೆ ಮತ್ತೆ ಏರಿದವು, ಮತ್ತೆ ಆಳಂದ. ಒಂದು ಮುಂಜಾನೆ ಬಾಗಿಲಲ್ಲಿ ನಿಂತು “ಇಪ್ಪತ್ತೊಂದು, ಇಪ್ಪತ್ತೆರಡು” ಎಂದು ಎಣಿಸುತ್ತಿದ್ದವರು ನಡುವೆಯೇ ನಿಲ್ಲಿಸಿ, “ರೊಟ್ಟಿ ಜೋಡಿ ಏನ್ ಮಾಡೀದಿ?” ಎಂದರು. ಮುಂದಿನ ಸಂಖ್ಯೆ ಬರಲೇ ಇಲ್ಲ. “ಬದನಿಕಾಯಿ ಎಣಗಾಯಿ ರೀ,” ಎಂದು ಹೇಳಿ ಅಲ್ಲೇ ತಾಟು ಹಾಕಿದೆ.

ಎಂಟನೇ ತಿಂಗಳು ಮುಗಿಯುತ್ತ ಬಂದಾಗ ಇವರೇ ಅಂಗಿ ತೊಟ್ಟು ನಿಂತರು. “ನಡಿ, ಮಗಳಿಗಿ ಕರಕೊಂಡ ಬರಮು.” ನನಗೆ ಹೆದರಿಕೆ. ಅಲ್ಲಿ ಹೋಗಿ ಏನಾದರೂ ಅಂದರೆ ಇದ್ದ ಬಾಗಿಲೂ ಮುಚ್ಚುತ್ತದೆ.

ಬೀಗತಿ ನೀರು ಕೊಟ್ಟಳು, ಚಹಾ ಕೊಟ್ಟಳು, ಮಾತು ಮಾತ್ರ ಎತ್ತಲಿಲ್ಲ. ಆಮೇಲೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಮಧ್ಯಾಹ್ನ ಮೂರು ಗಂಟೆಗೆ ಯಾರು ರೊಟ್ಟಿ ಬಡಿಯುತ್ತಾರೆ? ಪರೀಕ್ಷೆ ಎಂದು ನನಗೆ ಹೊಳೆಯಿತು. ಒಳಗೆ ಯಾರನ್ನೋ ಬಡಿಯಲು ಕೂರಿಸಿ ಬೀಗತಿ ಬಂದು ಇವರ ಎದುರಿಗೇ ಕುಳಿತು ಮುಖ ನೋಡತೊಡಗಿದಳು.

ಇವರ ತೊಡೆಯ ಮೇಲಿನ ಬೆರಳು ಒಂದೊಂದಾಗಿ ಮಡಚಿಕೊಂಡವು. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಒಂದು ರೊಟ್ಟಿ ಮುಗಿಯಿತು, ಎರಡನೆಯದು ಶುರುವಾಯಿತು. ಇವರು ತಲೆ ಎತ್ತಿದರು.

“ಬೀಗ್ತಿ, ಖರೆ ಹೇಳ್ತೇನಿ. ಬಡಿತ ಕಿವಿಗಿ ಬಿದ್ರ ನನ್ನ ಬೆರಳು ಇನ್ನೂ ಎಣಸ್ತಾವ. ಡಾಕ್ಟರ್ ಅದಕ್ಕ ಜಡ್ಡು ಅಂತಾರ. ನನಗ ಇನ್ನೂ ಪೂರಾ ಖಾತ್ರಿ ಇಲ್ಲ. ಆದ್ರ ಗುಳಿಗಿ ಬಿಡಂಗಿಲ್ಲ, ಎಣಿಸಿದ್ರೂ ಬಾಯಿ ಬಿಡಂಗಿಲ್ಲ. ಮಗಳಿಗಿ ಕಳಸ್ರಿ.”

ಪೂರ್ತಿ ಅರಾಮಾಗೀನಿ ಎಂದು ಹೇಳಿದ್ದರೆ ಬೀಗತಿ ನಂಬುತ್ತಿರಲಿಲ್ಲವೇನೋ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಒಳಗೆ ತಿರುಗಿ, “ಸಾಕು ಬಿಡವಾ, ಹಿಟ್ಟ ಯಾಕ ಕೆಡಸ್ತಿ,” ಎಂದು ಕೂಗಿದಳು. ಆಮೇಲೆ ನನಗೆ, “ಬಾಣಂತಿಗಿ ಅಂಟಿನುಂಡಿ ಮಾಡಾಕ ತುಪ್ಪ ಚೊಲೋದು ತಂದೀರಿಲ್ಲ?” ಎಂದಳು. ನಾನು ಉತ್ತರ ಕೊಡುವುದರೊಳಗೆ ಮಗಳು ಚೀಲ ಹಿಡಿದುಕೊಂಡು ಹೊರಗೆ ಬಂದಳು. ನಾವು ಬರುತ್ತೇವೆಂದು ಬೆಳಿಗ್ಗೆಯೇ ಕಟ್ಟಿಟ್ಟಿದ್ದಳಂತೆ.

ಕೂಸು ಹುಟ್ಟಿದ್ದು ಮುಂಜಾನೆ ಹತ್ತಕ್ಕೆ. ಕರಿ ಕೂದಲು, ಅಜ್ಜನ ಹಾಗೆ ಉದ್ದ ಬೆರಳು. ಅದನ್ನು ಕೈಗೆ ಕೊಟ್ಟಾಗ ಇವರು ತೋಳಿನಿಂದ ತೋಳಿಗೆ, ತಲೆಯಿಂದ ಕಾಲಿಗೆ ಕಣ್ಣಲ್ಲೇ ಅಳೆದು, “ಎರಡೂವರಿ ಗೇಣು,” ಎಂದು ಹೇಳಿ ಅತ್ತುಬಿಟ್ಟರು. ಈಗಲೂ ತಿಂಗಳಿಗೊಮ್ಮೆ ಆಳಂದಕ್ಕೆ ಹೋಗುತ್ತಾರೆ. ಒಮ್ಮೊಮ್ಮೆ ನಾನು ಒಲೆಯ ಮುಂದಿದ್ದಾಗ ಸುಮ್ಮನೆ ಎದ್ದು ಹೊರಗೆ ಹೋಗಿಬಿಡುತ್ತಾರೆ. ಹೋಗಲಿ, ನಾನು ಕೇಳುವುದಿಲ್ಲ. ಕಾಕಾನನ್ನು ಮತ್ತೆ ಚಹಾಕ್ಕೆ ಇನ್ನೂ ಕರೆದಿಲ್ಲ, ಕಂಡರೆ ತಲೆ ಮಾತ್ರ ಆಡಿಸುತ್ತಾರೆ.

ಹೋದ ವಾರ ಬೀಗತಿ ಮತ್ತೊಮ್ಮೆ ಕೂಸು ನೋಡಲು ಬಂದಳು. ಮುಖ ನೋಡಿ ಸಂಜೆ ಬಸ್ಸಿಗೆ ಹೊರಡುತ್ತೇನೆ ಎಂದು ಉಟ್ಟ ಸೀರೆಯಲ್ಲೇ ಬಂದವಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಾಗ ಅದು ಅವಳ ಹೆಬ್ಬೆರಳು ಗಟ್ಟಿಯಾಗಿ ಹಿಡಿಯಿತು. ಇವತ್ತಿಗೆ ಆರು ದಿನ. ನನ್ನ ಸೀರೆ ಉಡುತ್ತಿದ್ದಾಳೆ, ಕುಬಸ ಇವರು ಎರಡು ಹೊಲಿದುಕೊಟ್ಟಿದ್ದಾರೆ. ಕೂಸಿಗೆ ನಾನು ಎಣ್ಣೆ ಹಚ್ಚುವುದೇ ಸರಿಯಿಲ್ಲ ಎಂದು ಬಟ್ಟಲು ಕಸಿದುಕೊಳ್ಳುತ್ತಾಳೆ. ನಾಡಿದ್ದು ಖಂಡಿತ ಹೋಗುತ್ತಾಳಂತೆ. ಮೊನ್ನೆಯೂ ನಾಡಿದ್ದೇ ಅಂದಿದ್ದಳು.